ಬೀದಿಯಿಂದ ಎತ್ತಿಕೊಂಡು ಬಂದ ಬೆಕ್ಕು: ಮೊದಲ ರಾತ್ರಿಯಿಂದ ಲಸಿಕೆಯವರೆಗೆ

ಬೀದಿಯ ಬೆಕ್ಕಿನ ಮರಿಯೊಂದು ಮನೆಗೆ ಬಂದ ಕೂಡಲೇ ನಮ್ಮಲ್ಲಿ ಮೂರು ಕೆಲಸ ನಡೆಯುತ್ತವೆ. ಒಬ್ಬರು ಹಾಲು ಬಿಸಿಗಿಡುತ್ತಾರೆ. ಇನ್ನೊಬ್ಬರು ಬಕೆಟ್‌ಗೆ ನೀರು ಹಿಡಿದು ಸ್ನಾನ ಮಾಡಿಸಲು ನಿಲ್ಲುತ್ತಾರೆ. ಮಕ್ಕಳು ಅದನ್ನು ಮನೆಯ ಹಳೇ ಬೆಕ್ಕಿನ ಮುಂದೆ ತಂದು ಬಿಡುತ್ತಾರೆ. ಮೂರೂ ಪ್ರೀತಿಯಿಂದಲೇ ಆಗುವಂಥವು. ಆದರೆ ಮೂರರಲ್ಲಿ ಯಾವುದು ಬೇಕಾದರೂ ಮರಿಯ ಜೀವಕ್ಕೋ ಮನೆಯ ಬೆಕ್ಕಿನ ಜೀವಕ್ಕೋ ಕುತ್ತು ತರಬಹುದು. ನಾನು ಎತ್ತಿಕೊಂಡು ಬಂದ ಮೊದಲ ಮರಿಗೆ ಇವೆಲ್ಲವನ್ನೂ ಮಾಡಿದ್ದೆ. ಮಳೆಯಲ್ಲಿ ನೆನೆದಿದ್ದ ಮರಿಗೆ ಮತ್ತೆ ಸ್ನಾನ, ಮೇಲಿಂದ ಬಟ್ಟಲು ತುಂಬ ಹಸುವಿನ ಹಾಲು. ಮೂರನೇ ದಿನ ಅದು ಇರಲಿಲ್ಲ. ಆಮೇಲೆ ಬಂದ ಬೆಕ್ಕುಗಳು ಒಂದೊಂದಾಗಿ ಕಲಿಸಿದ್ದನ್ನು, ಪಶುವೈದ್ಯರು ತಾಳ್ಮೆಯಿಂದ ಹೇಳಿಕೊಟ್ಟಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಇವತ್ತು ರಾತ್ರಿಯೇ ನಿಮ್ಮ ಮಡಿಲಲ್ಲಿ ಒಂದು ಮರಿ ಇದ್ದರೆ ಮೊದಲ ಐದು ಭಾಗ ಓದಿ, ಉಳಿದದ್ದನ್ನು ನಾಳೆ ನೋಡಿದರಾಯಿತು.

1. ಎತ್ತಿಕೊಳ್ಳುವ ಮೊದಲು

ಮರಿ ಒಂಟಿಯಾಗಿ ಕೂತು ಕೂಗುತ್ತಿದೆ ಎಂದ ಮಾತ್ರಕ್ಕೆ ಅದು ತಬ್ಬಲಿಯಲ್ಲ. ತಾಯಿ ಬೆಕ್ಕು ಬೇಟೆಗೆ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಜಾಗ ಬದಲಿಸುವಾಗಲೂ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಸಾಗಿಸುತ್ತದೆ. ಮರಿ ಬೆಚ್ಚಗಿದ್ದು, ಹೊಟ್ಟೆ ದುಂಡಗಿದ್ದು, ನಾಯಿಯ ಇಲ್ಲವೇ ವಾಹನದ ಅಪಾಯ ಇಲ್ಲದಿದ್ದರೆ ದೂರದಲ್ಲಿ ನಿಂತು ಕೆಲವು ಗಂಟೆ ಕಾಯಿರಿ. ಮರಿಗೆ ತಾಯಿಯ ಹಾಲಿಗಿಂತ ಒಳ್ಳೆಯದನ್ನು ನಾವು ಯಾರೂ ಕೊಡಲಾರೆವು. ಮೈ ತಣ್ಣಗಿದ್ದರೆ, ಗಾಯವಿದ್ದರೆ, ಕಣ್ಣು ಗೀಜಿನಿಂದ ಮುಚ್ಚಿಕೊಂಡಿದ್ದರೆ, ಮೈಮೇಲೆ ಇರುವೆ ಹತ್ತಿದ್ದರೆ ಕಾಯಬೇಡಿ, ಎತ್ತಿಕೊಳ್ಳಿ.

ದೊಡ್ಡ ಬೆಕ್ಕಾದರೆ ಅಕ್ಕಪಕ್ಕದವರನ್ನು, ಮೂಲೆ ಅಂಗಡಿಯವರನ್ನು ಕೇಳಿ. ಯಾರದೋ ಮನೆಯ ಸಾಕುಬೆಕ್ಕು ದಾರಿ ತಪ್ಪಿರಬಹುದು. ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದಂತೆ ಕಂಡರೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಯಾರೋ ಅದನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ತಿಳಿಯಬಹುದು.

ಬರಿಗೈಯಲ್ಲಿ ಹಿಡಿಯಬೇಡಿ. ದಪ್ಪ ಟವೆಲ್ ಅಥವಾ ಹಳೇ ಜಮಖಾನ ಮೇಲೆ ಹಾಕಿ, ತಲೆಸಹಿತ ಸುತ್ತಿ ಎತ್ತಿ. ತರಕಾರಿ ಕ್ರೇಟ್ ಮೇಲೆ ಇನ್ನೊಂದು ಕ್ರೇಟ್ ಬೋರಲು ಹಾಕಿ ಹಗ್ಗ ಬಿಗಿದರೆ ಒಳ್ಳೆಯ ಪಂಜರವಾಗುತ್ತದೆ. ನೋವಿನಲ್ಲಿರುವ ಬೆಕ್ಕು ಎಷ್ಟೇ ಸಾಧುವಾದರೂ ಕಚ್ಚುತ್ತದೆ, ಅದು ಅದರ ತಪ್ಪಲ್ಲ.

2. ಕಚ್ಚಿದರೆ, ಪರಚಿದರೆ

ಬೆಕ್ಕಿನ ಆರೋಗ್ಯಕ್ಕಿಂತ ಮೊದಲು ನಿಮ್ಮ ಕೈ ನೋಡಿಕೊಳ್ಳಿ. ರೇಬೀಸ್ ನಾಯಿಯಿಂದ ಮಾತ್ರ ಬರುವ ರೋಗವಲ್ಲ. ಬೆಕ್ಕಿಗೂ ಅದು ತಗಲುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ದಾಟುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ. ಆದರೆ ಕಚ್ಚಿದ ಕೂಡಲೇ ಸರಿಯಾದ ಕ್ರಮ ಅನುಸರಿಸಿದರೆ ಇದನ್ನು ಪೂರ್ತಿ ತಡೆಯಬಹುದು.

ಗಾಯವನ್ನು ಹರಿಯುವ ನೀರಿನ ಕೆಳಗೆ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಏಕೆಂದರೆ ನಮಗೆ 15 ನಿಮಿಷ ಅನಿಸುವುದು ಸಾಮಾನ್ಯವಾಗಿ ಎರಡು ನಿಮಿಷವಷ್ಟೇ. ಬಳಿಕ ಪೊವಿಡೋನ್ ಅಯೋಡಿನ್ ಹಚ್ಚಬಹುದು. ಅರಿಶಿನ, ಸುಣ್ಣ, ಕಾಫಿ ಪುಡಿ, ಖಾರದ ಪುಡಿ ಯಾವುದೂ ಬೇಡ. ಬಟ್ಟೆ ಬಿಗಿದು ಕಟ್ಟುವುದೂ ಬೇಡ.

ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮ ಸ್ವಲ್ಪ ಕೆರೆದು ರಕ್ತ ಬಾರದಿದ್ದರೂ ಲಸಿಕೆ ಬೇಕು. ರಕ್ತ ಬಂದಿದ್ದರೆ, ಹಲ್ಲು ಒಳಗೆ ಇಳಿದಿದ್ದರೆ, ತೆರೆದ ಗಾಯವನ್ನು ಬೆಕ್ಕು ನೆಕ್ಕಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7 ಮತ್ತು 28ನೇ ದಿನ; ಮಾಂಸಖಂಡಕ್ಕೆ ಕೊಡುವುದಾದರೆ 0, 3, 7, 14 ಮತ್ತು 28ನೇ ದಿನ. ಬೆಕ್ಕನ್ನು 10 ದಿನ ಗಮನಿಸಬೇಕು ಎನ್ನುವುದು ನಿಜ. ಆದರೆ 10 ದಿನ ನೋಡಿ ಆಮೇಲೆ ಲಸಿಕೆ ಹಾಕಿಸಿಕೊಳ್ಳೋಣ ಎನ್ನುವುದು ತಪ್ಪು. ಲಸಿಕೆ ಮೊದಲ ದಿನವೇ ಶುರುವಾಗಬೇಕು. ಬೆಕ್ಕು 10 ದಿನವೂ ಆರೋಗ್ಯವಾಗಿದ್ದರೆ ಮುಂದಿನ ಡೋಸ್ ಬೇಕೇ ಬೇಡವೇ ಎಂದು ವೈದ್ಯರು ನಿರ್ಧರಿಸುತ್ತಾರೆ.

ರೇಬೀಸ್ ಒಂದೇ ಅಲ್ಲ. ಬೆಕ್ಕಿನ ಹಲ್ಲು ಸೂಜಿಯಂತಿರುತ್ತದೆ. ಮೇಲೆ ಚಿಕ್ಕ ಚುಕ್ಕಿ ಕಂಡರೂ ಬ್ಯಾಕ್ಟೀರಿಯಾವನ್ನು ಆಳಕ್ಕೆ ಇಳಿಸಿರುತ್ತದೆ. ಒಂದು ದಿನದೊಳಗೆ ಬೆರಳು ಕೆಂಪಾಗಿ ಊದಿಕೊಂಡರೆ, ಮಡಿಸಲು ಆಗದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಟೆಟನಸ್ ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಎಂದೂ ಹೇಳಿ. ನೀವು ಬೀದಿ ಪ್ರಾಣಿಗಳನ್ನು ಆಗಾಗ ಎತ್ತುವವರಾದರೆ ಕಚ್ಚುವ ಮೊದಲೇ ಹಾಕಿಸಿಕೊಳ್ಳುವ ರೇಬೀಸ್ ಲಸಿಕೆ ಇದೆ. ವೈದ್ಯರ ಹತ್ತಿರ ಕೇಳಿ, ಹಾಕಿಸಿಕೊಳ್ಳಿ.

3. ಮೊದಲ ರಾತ್ರಿ: ಒಂದು ಬೇರೆ ಕೋಣೆ

ಮನೆಯಲ್ಲಿ ಬೇರೆ ಬೆಕ್ಕಿರಲಿ ಇಲ್ಲದಿರಲಿ, ಹೊಸ ಬೆಕ್ಕಿಗೆ ಬಾಗಿಲು ಮುಚ್ಚುವಂಥ ಒಂದು ಜಾಗ ಬೇಕು. ಬೇರೆ ಬೆಕ್ಕಿದ್ದರೆ ಕಡಿಮೆಯೆಂದರೂ 14 ದಿನ. ಎರಡನೇ ಬಚ್ಚಲು, ಯುಟಿಲಿಟಿ, ಸ್ಟೋರ್ ರೂಮ್, ಯಾವುದಾದರೂ ಆದೀತು. ಬಾಲ್ಕನಿ ಬೇಡ. ಹೆದರಿದ ಬೆಕ್ಕು ಮೂರನೇ ಮಹಡಿಯಿಂದಲೂ ಹಾರುತ್ತದೆ, ಕಾಲು ಮತ್ತು ದವಡೆ ಮುರಿದುಕೊಳ್ಳುತ್ತದೆ.

ಕೋಣೆಯಲ್ಲಿ ಬೇಕಾದದ್ದು ಬಹಳ ಇಲ್ಲ. ಬದಿಗೆ ಮಲಗಿಸಿದ ರಟ್ಟಿನ ಡಬ್ಬ, ಅದರಲ್ಲಿ ಹಳೇ ಪಂಚೆ. ಎರಡು ಸ್ಟೀಲ್ ಬಟ್ಟಲು. ಒಂದು ತಟ್ಟೆಯಲ್ಲಿ ಮರಳು ಅಥವಾ ಹರಿದ ಪೇಪರ್. ತೀರಾ ಚಿಕ್ಕ ಮರಿಗೆ ಗಟ್ಟಿಯಾಗಿ ಉಂಡೆಕಟ್ಟುವ ಅಂಗಡಿಯ ಲಿಟ್ಟರ್ ಬೇಡ, ತಿಂದುಬಿಡುತ್ತದೆ. ಈ ಕೋಣೆಯ ಬಟ್ಟಲು, ಪೊರಕೆ, ಒರೆಸುವ ಬಟ್ಟೆ ಹೊರಗೆ ಬರಬಾರದು. ಮೊದಲು ಮನೆಯ ಬೆಕ್ಕಿನ ಊಟ ಮುಗಿಸಿ, ಆಮೇಲೆ ಹೊಸಬನ ಕೋಣೆಗೆ ಹೋಗಿ. ಒಳಗೆ ಹೋಗುವಾಗ ಮೇಲೊಂದು ಹಳೇ ಅಂಗಿ, ಬೇರೆ ಚಪ್ಪಲಿ ಹಾಕಿಕೊಳ್ಳಿ. ಬಂದಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಆ ಕೋಣೆಯನ್ನು ಯಾವುದರಿಂದ ಒರೆಸುತ್ತೀರಿ ಎನ್ನುವುದು ಜೀವದ ಪ್ರಶ್ನೆ. ನಮ್ಮ ಮನೆಗಳ ಫಿನೈಲ್ ಬೆಕ್ಕಿಗೆ ವಿಷ. ಫೀನಾಲ್ ಜಾತಿಯ ರಾಸಾಯನಿಕವನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ನೆಲದಿಂದ ಪಾದಕ್ಕೆ, ಪಾದ ನೆಕ್ಕಿ ಬಾಯಿಗೆ ಅದು ಹೋಗುತ್ತದೆ. ಗಾಯ ತೊಳೆಯುವ ಸುವಾಸನೆಯ ಕ್ರಿಮಿನಾಶಕ ದ್ರವಗಳಲ್ಲೂ ಕೆಲವು ಇದೇ ಜಾತಿಯವು. ಇರುವೆ, ಜಿರಳೆ ಬಾರದಂತೆ ಬಾಗಿಲಿಗೆ ಎಳೆಯುವ ಚಾಕ್ ಗೆರೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ, ಅದರಲ್ಲಿ ಬೆಕ್ಕಿನ ನರಗಳಿಗೆ ಹಾನಿ ಮಾಡುವ ಕೀಟನಾಶಕ ಇರುತ್ತದೆ. ಕಪಾಟಿನ ನುಸಿಗುಳಿಗೆ, ಕರ್ಪೂರ ತೆಗೆದಿಡಿ.

4. ಮೊದಲು ಬೆಚ್ಚಗೆ, ಆಮೇಲೆ ಊಟ

ಮರಿಯ ಮೈ ಮುಟ್ಟಿದರೆ ತಣ್ಣಗಿದೆಯೇ? ಬಾಯೊಳಗೆ ಬೆರಳಿಟ್ಟರೆ ತಣ್ಣಗಿದೆಯೇ? ಹಾಗಿದ್ದರೆ ಒಂದು ಹನಿ ಹಾಲೂ ಕೊಡಬೇಡಿ. ತಣ್ಣಗಾದ ಮರಿಯ ಕರುಳು ಕೆಲಸ ಮಾಡುತ್ತಿರುವುದಿಲ್ಲ. ಕೊಟ್ಟದ್ದು ಜೀರ್ಣವಾಗದೆ ಕೊಳೆಯುತ್ತದೆ ಅಥವಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಪಕ್ಕದಲ್ಲಿಡಿ. ಬೇಡವೆನಿಸಿದರೆ ಮರಿ ದೂರ ಸರಿಯಲು ಜಾಗವಿರಲಿ. ಒದ್ದೆಯಿದ್ದರೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಸ್ನಾನ ಮಾತ್ರ ಇವತ್ತು ಬೇಡ, ಎಷ್ಟೇ ಕೊಳಕಾಗಿದ್ದರೂ ಬೇಡ. ಮೈ ನಿಧಾನವಾಗಿ, ಒಂದೆರಡು ಗಂಟೆಯಲ್ಲಿ ಬೆಚ್ಚಗಾಗಬೇಕು.

ವಯಸ್ಸು ಎಷ್ಟೆಂದು ಬಾಯಿ ನೋಡಿ ಅಂದಾಜಿಸಬಹುದು. ಮೂರು ವಾರದ ಹೊತ್ತಿಗೆ ಮುಂದಿನ ಪುಟ್ಟ ಹಲ್ಲು ಮೂಡುತ್ತವೆ, ನಾಲ್ಕು ವಾರಕ್ಕೆ ಕೋರೆಹಲ್ಲು. ಸುಮಾರು ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳಲು ಶುರುವಾಗಿ ಆರು ತಿಂಗಳೊಳಗೆ ಎಲ್ಲ ಗಟ್ಟಿ ಹಲ್ಲು ಬಂದಿರುತ್ತವೆ. ಚೆನ್ನಾಗಿ ತಿಂದುಂಡ ಮರಿ ಒಂದು ತಿಂಗಳಿಗೆ ಸುಮಾರು 450 ಗ್ರಾಂ, ಎರಡು ತಿಂಗಳಿಗೆ 900 ಗ್ರಾಂ ತೂಗುತ್ತದೆ. ಬೀದಿಯ ಮರಿ ಇದಕ್ಕಿಂತ ಕಡಿಮೆಯಿರುವುದೇ ಹೆಚ್ಚು.

ನಾಲ್ಕು ವಾರಕ್ಕಿಂತ ಚಿಕ್ಕದಾದರೆ ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಬೇಕು. ಹಸುವಿನ ಹಾಲಿನಿಂದ ಭೇದಿಯಾಗುತ್ತದೆ, ಚಿಕ್ಕ ಮರಿಗೆ ಭೇದಿಯೆಂದರೆ ಸಾವು ಹತ್ತಿರ. ಮರಿಯನ್ನು ಬೋರಲು ಮಲಗಿಸಿಯೇ ಕುಡಿಸಿ. ಮಗುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ಮೊದಲ ವಾರದ ಮರಿಗೆ ಎರಡು ಗಂಟೆಗೊಮ್ಮೆ, ಎರಡನೇ ವಾರಕ್ಕೆ ಮೂರು ಗಂಟೆಗೊಮ್ಮೆ, ರಾತ್ರಿಯೂ. ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಕೆಳಭಾಗ ಮೆಲ್ಲಗೆ ಉಜ್ಜಿ. ತಾಯಿ ನೆಕ್ಕಿದಂತಾಗಿ ಉಚ್ಚೆ ಹೊಯ್ಯುತ್ತದೆ. ಈ ವಯಸ್ಸಿನ ಮರಿಗೆ ತಾನಾಗಿಯೇ ಮಾಡಿಕೊಳ್ಳಲು ಬರುವುದಿಲ್ಲ, ಇದು ಗೊತ್ತಿಲ್ಲದೆ ಎಷ್ಟೋ ಮರಿಗಳು ಹೊಟ್ಟೆಯುಬ್ಬಿ ಸಾಯುತ್ತವೆ.

ದೊಡ್ಡ ಬೆಕ್ಕಿಗೆ ಬೇಯಿಸಿದ ಕೋಳಿಮಾಂಸ, ಮುಳ್ಳು ತೆಗೆದ ಬೇಯಿಸಿದ ಮೀನು, ಬೇಯಿಸಿದ ಮೊಟ್ಟೆ ಅಥವಾ ಬೆಕ್ಕಿನ ಆಹಾರ ಕೊಡಿ. ಉಪ್ಪು, ಖಾರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಂತೂ ಬೇಡವೇ ಬೇಡ, ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಬಹಳ ದಿನ ಉಪವಾಸ ಬಿದ್ದ ಬೆಕ್ಕಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸುವುದೂ ಅಪಾಯ. ರಕ್ತದಲ್ಲಿನ ಲವಣಗಳು ದಿಢೀರನೆ ಏರುಪೇರಾಗುತ್ತವೆ. ಎರಡು ಚಮಚ ಕೊಟ್ಟು, ಎರಡು ಮೂರು ಗಂಟೆ ಬಿಟ್ಟು ಮತ್ತೆ ಕೊಡಿ.

ಸಸ್ಯಾಹಾರಿ ಮನೆಯವರಿಗೆ ಒಂದು ಮಾತು. ಮೊಸರನ್ನ ತಿಂದು ಬೆಕ್ಕು ಕೆಲವು ಕಾಲ ಬದುಕೀತು, ಆರೋಗ್ಯವಾಗಿ ಬಾಳಲಾರದು. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಊಟದಿಂದಲೇ ಸಿಗಬೇಕು, ಅದು ಮಾಂಸದಲ್ಲಿದೆ. ಕಡಿಮೆಯಾದರೆ ಕಣ್ಣು ಮಂಜಾಗುತ್ತದೆ, ಹೃದಯ ದುರ್ಬಲವಾಗುತ್ತದೆ. ಮನೆಯಲ್ಲಿ ಮಾಂಸ ಬೇಯಿಸುವುದು ಆಗದ ಮಾತಾದರೆ ಪ್ಯಾಕೆಟ್‌ನಲ್ಲಿ ಬರುವ ಬೆಕ್ಕಿನ ಆಹಾರ ಇದೆ. ಎಷ್ಟೋ ಮಡಿವಂತರ ಮನೆಗಳಲ್ಲಿ ಹಿತ್ತಲ ಮೂಲೆಯಲ್ಲಿ ಅದಕ್ಕೊಂದು ಜಾಗ ಮಾಡಿಕೊಟ್ಟಿದ್ದನ್ನು ನೋಡಿದ್ದೇನೆ.

5. ಇವು ಕಂಡರೆ ಬೆಳಗಿನವರೆಗೆ ಕಾಯಬೇಡಿ

ಬಾಯಿ ತೆರೆದು ಏದುಸಿರು ಬಿಡುವುದು. ವಸಡು ಬಿಳಚಿಕೊಂಡಿರುವುದು, ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿರುವುದು. ಫಿಟ್ಸ್. ಹಿಂಗಾಲು ಎಳೆಯುವುದು. ನಿಲ್ಲದ ವಾಂತಿ, ರಕ್ತಭೇದಿ. ಹುಳ ಬಿದ್ದ ಗಾಯ. ಇವುಗಳ ಜೊತೆಗೆ ಇನ್ನೊಂದು ಇದೆ, ಮಲಬದ್ಧತೆಯೆಂದು ತಿಳಿದು ಜನ ತಡಮಾಡುವುದು ಇದರಲ್ಲೇ: ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನ ತಟ್ಟೆಯಲ್ಲಿ ಕೂತು ತಿಣುಕುತ್ತಿದ್ದರೂ ಒಂದು ಹನಿ ಉಚ್ಚೆ ಬಾರದಿರುವುದು. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಬೆಕ್ಕು ಸಾಯುತ್ತದೆ.

ಉಳಿದಂತೆ ಮನೆಯಲ್ಲೇ ನೋಡಬಹುದಾದ ಕೆಲವು ಲೆಕ್ಕಗಳು. ಮಲಗಿದ್ದಾಗ ನಿಮಿಷಕ್ಕೆ 20ರಿಂದ 30 ಉಸಿರು ಸಹಜ. ದೊಡ್ಡ ಬೆಕ್ಕಿನ ಮೈಶಾಖ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಜ್ವರದ ಲೆಕ್ಕ ಅದಕ್ಕೆ ಹಿಡಿಯಬಾರದು. ಭುಜದ ಮೇಲಿನ ಚರ್ಮ ಎತ್ತಿ ಬಿಟ್ಟಾಗ ತಟ್ಟನೆ ಕೆಳಗಿಳಿಯದೆ ಹಾಗೇ ನಿಂತರೆ ಮೈಯಲ್ಲಿ ನೀರು ಬತ್ತಿದೆ ಎಂದರ್ಥ. ದೊಡ್ಡ ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ರೋಗ ಶುರುವಾಗಬಹುದು, ಹೆದರಿಕೆಯಿಂದ ಬಿಟ್ಟಿದೆ ಎಂದು ಸುಮ್ಮನಿರಬೇಡಿ. ಚಿಕ್ಕ ಮರಿ ಅರ್ಧ ದಿನ ಬಿಟ್ಟರೂ ಅಪಾಯವೇ.

6. ಪಶುವೈದ್ಯರ ಹತ್ತಿರ

ಒಂದೆರಡು ದಿನದೊಳಗೆ ತೋರಿಸಿ. ಎಲ್ಲ ಪಶು ಆಸ್ಪತ್ರೆಗಳಲ್ಲೂ ಬೆಕ್ಕು ನೋಡಿ ಅಭ್ಯಾಸವಿರುವವರು ಸಿಗುವುದಿಲ್ಲ, ದನ ಎಮ್ಮೆ ನೋಡುವುದೇ ಹೆಚ್ಚಿನ ಕಡೆ ಮುಖ್ಯ ಕೆಲಸ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಸುತ್ತಮುತ್ತಲಿನವರು ಅಲ್ಲಿ ವಿಚಾರಿಸಬಹುದು. ಹೋಗುವಾಗ ಬುಟ್ಟಿಯ ಮೇಲೆ ಬಟ್ಟೆ ಹೊದಿಸಿ, ಕಾಯುವಾಗ ಎತ್ತರದಲ್ಲಿಡಿ, ಬೇರೆ ಬೆಕ್ಕುಗಳ ಮೂಗಿಗೆ ಮೂಗು ತಾಗಲು ಬಿಡಬೇಡಿ. ಬೆಳಗಿನ ಮಲವನ್ನು ಪುಟ್ಟ ಡಬ್ಬಿಯಲ್ಲಿ ಒಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಹುಳ ಎಂದು ಅಲ್ಲೇ ತಿಳಿಯುತ್ತದೆ.

ತೂಕ, ಜ್ವರ, ವಸಡು, ಕಿವಿ, ಹೊಟ್ಟೆ ನೋಡಿಸಿ. ಹೆಣ್ಣಾದರೆ ಬಸುರಿಯೇ ಎಂದು ಕೇಳಿ. ಪ್ಯಾನ್‌ಲ್ಯೂಕೋಪೀನಿಯ ರೋಗದ ಜೀವಂತ ಲಸಿಕೆಯನ್ನು ಬಸುರಿ ಬೆಕ್ಕಿಗೆ ಹಾಕಿದರೆ ಹೊಟ್ಟೆಯೊಳಗಿನ ಮರಿಗಳ ಮಿದುಳಿಗೆ ಪೆಟ್ಟಾಗಿ, ಹುಟ್ಟಿದ ಮೇಲೆ ಅವು ಜೀವಮಾನವಿಡೀ ತೂರಾಡಿಕೊಂಡು ನಡೆಯುತ್ತವೆ.

7. ಪ್ಯಾನ್‌ಲ್ಯೂಕೋಪೀನಿಯ: ಇದಕ್ಕೇ ಆ 14 ದಿನ

ಬೀದಿಯ ಬೆಕ್ಕಿನ ಜೊತೆ ಮನೆಯೊಳಗೆ ಬರಬಹುದಾದ ರೋಗಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದಕ್ಕೆ. ನಾಯಿಮರಿಗಳನ್ನು ಕೊಲ್ಲುವ ಪಾರ್ವೊದ ಬಂಧು ಇದು. ಕರುಳಿನ ಒಳಪದರವನ್ನೂ ಮೂಳೆಮಜ್ಜೆಯನ್ನೂ ಒಟ್ಟಿಗೆ ಹಾಳುಮಾಡುತ್ತದೆ. ಬಿಳಿ ರಕ್ತಕಣ ಕುಸಿಯುವುದರಿಂದ ಈ ಹೆಸರು. ಸೋಂಕು ತಗಲಿ ಸಾಮಾನ್ಯವಾಗಿ 2ರಿಂದ 10 ದಿನದಲ್ಲಿ ಲಕ್ಷಣ ಕಾಣುತ್ತದೆ, ಹಾಗಾಗಿ ಮೊದಲ ದಿನ ಲವಲವಿಕೆಯಿಂದಿದ್ದ ಮರಿ ಐದನೇ ದಿನ ಮಲಗಿಬಿಡಬಹುದು.

ಒಮ್ಮೆ ನೋಡಿದವರು ಇದನ್ನು ಮರೆಯುವುದಿಲ್ಲ. ಮರಿ ಆಟ ಬಿಡುತ್ತದೆ. ನೊರೆನೊರೆ ವಾಂತಿ, ಆಮೇಲೆ ಕೆಟ್ಟ ವಾಸನೆಯ ಭೇದಿ. ನೀರಿನ ಬಟ್ಟಲಿನ ಮೇಲೆ ತಲೆ ಇಳಿಬಿಟ್ಟು ಕೂರುತ್ತದೆ. ಬಾಯಾರಿದೆ, ಆದರೆ ಕುಡಿಯಲಾರದು. ಈ ಭಂಗಿ ಕಂಡ ಕ್ಷಣ ಹೊರಡಿ. ವೈರಸ್ಸಿಗೆ ನೇರ ಔಷಧವಿಲ್ಲ. ಡ್ರಿಪ್, ವಾಂತಿ ನಿಲ್ಲಿಸುವ ಔಷಧ, ಬೇರೆ ಸೋಂಕು ತಗಲದಂತೆ ಆ್ಯಂಟಿಬಯೋಟಿಕ್, ಬೆಚ್ಚನೆಯ ಆರೈಕೆ ಇವುಗಳಿಂದ ಮೈ ತಾನೇ ಗೆಲ್ಲುವವರೆಗೆ ಹಿಡಿದು ನಿಲ್ಲಿಸಬೇಕು. ಚಿಕಿತ್ಸೆ ಸಿಗದ ಮರಿಗಳಲ್ಲಿ ಬಹುಪಾಲು ಸಾಯುತ್ತವೆ; ಬೇಗ ಡ್ರಿಪ್ ಹಾಕಿದವು ಗಣನೀಯವಾಗಿ ಉಳಿಯುತ್ತವೆ. ನಾಯಿಗಳ ಪಾರ್ವೊ ಪತ್ತೆ ಮಾಡುವ ಕಿಟ್‌ನಲ್ಲೇ ಇದನ್ನೂ ಪರೀಕ್ಷಿಸುವ ರೂಢಿಯಿದೆ. ಇಲ್ಲ ಎಂದು ಬಂದರೂ ಲಕ್ಷಣಗಳಿದ್ದರೆ ರಕ್ತಕಣಗಳ ಎಣಿಕೆ ಮಾಡಿಸಿ. ಮನುಷ್ಯರಿಗೆ ಇದು ತಗಲುವುದಿಲ್ಲ.

ಈ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯ ತಳದಲ್ಲಿ ವರ್ಷದವರೆಗೂ ಬದುಕಿರುತ್ತದೆ. ಸ್ಪಿರಿಟ್, ಸ್ಯಾನಿಟೈಸರ್, ಸಾಮಾನ್ಯ ನೆಲ ಒರೆಸುವ ದ್ರವ ಇದನ್ನು ಕೊಲ್ಲುವುದಿಲ್ಲ. ಸಾಯುವುದು ಬ್ಲೀಚ್‌ಗೆ. ಮೊದಲು ಕೊಳೆಯನ್ನು ಸೋಪಿನಲ್ಲಿ ಪೂರ್ತಿ ತೊಳೆಯಿರಿ, ಏಕೆಂದರೆ ಮಲದ ಮೇಲೆ ಸುರಿದ ಬ್ಲೀಚ್ ಕೆಲಸ ಮಾಡುವುದಿಲ್ಲ. ಬಳಿಕ ಮನೆಬಳಕೆಯ ದ್ರವ ಬ್ಲೀಚನ್ನು ಒಂದು ಲೀಟರ್ ನೀರಿಗೆ 30 ಮಿಲಿಯಂತೆ ಬೆರೆಸಿ, 10 ನಿಮಿಷ ಒದ್ದೆಯಾಗಿ ಬಿಟ್ಟು ತೊಳೆದು ಒಣಗಿಸಿ. ಬೆಕ್ಕು ಆಗ ಒಳಗಿರಬಾರದು. ಆ್ಯಸಿಡ್ ಅಥವಾ ಶೌಚಾಲಯ ತೊಳೆಯುವ ದ್ರವದ ಜೊತೆ ಬ್ಲೀಚ್ ಬೆರೆಸಿದರೆ ವಿಷಾನಿಲ ಏಳುತ್ತದೆ, ಎಚ್ಚರ. ಮರಿ ಸತ್ತಿದ್ದರೆ ಅದರ ಡಬ್ಬ, ಹಾಸಿಗೆ ಸುಟ್ಟುಬಿಡಿ. ಅದೇ ಮನೆಗೆ ಲಸಿಕೆಯಾಗದ ಇನ್ನೊಂದು ಮರಿಯನ್ನು ವರ್ಷದೊಳಗೆ ತರಬೇಡಿ. ಈ ಕೊನೆಯ ಮಾತನ್ನು ನಾನು ಒಂದು ಮಂಕರಿಯನ್ನು ಬರೀ ಬಿಸಿಲಿಗೆ ಹಾಕಿ ಮತ್ತೆ ಬಳಸಿದ ಮೇಲೆ ಕಲಿತೆ. ಅದರಲ್ಲಿ ಮಲಗಿದ ಎರಡನೆಯ ಮರಿಯ ಮುಖ ಈಗಲೂ ಕಣ್ಣಿಗೆ ಕಟ್ಟಿದೆ.

8. ಶೀತ, ಸೀನು, ಅಂಟಿದ ಕಣ್ಣು

ಬೀದಿ ಮರಿಗಳಲ್ಲಿ ಅತಿ ಸಾಮಾನ್ಯವಾದದ್ದು ಇದು. ಬಹುಪಾಲು ಹರ್ಪಿಸ್ ಮತ್ತು ಕ್ಯಾಲಿಸಿ ಎಂಬ ಎರಡು ವೈರಸ್‌ಗಳ ಕೆಲಸ. ಮೂಗು ಕಟ್ಟಿದರೆ ಬೆಕ್ಕಿಗೆ ವಾಸನೆ ತಿಳಿಯದು, ವಾಸನೆ ತಿಳಿಯದಿದ್ದರೆ ತಿನ್ನದು. ಊಟವನ್ನು ಸ್ವಲ್ಪ ಬಿಸಿಮಾಡಿ ಕೊಡಿ. ಬಚ್ಚಲಲ್ಲಿ ಬಿಸಿನೀರು ಬಿಟ್ಟು ಆವಿ ತುಂಬಿಸಿ ಹತ್ತು ನಿಮಿಷ ಜೊತೆಗೆ ಕೂರಿ. ಆ ನೀರಿಗೆ ನೀಲಗಿರಿ ಎಣ್ಣೆ, ಕರ್ಪೂರದ ಮುಲಾಮು ಯಾವುದನ್ನೂ ಹಾಕಬೇಡಿ, ಬೆಕ್ಕಿಗೆ ಅವು ವಿಷ.

ಕಣ್ಣಿನ ಗೀಜನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ, ಮೂಗಿನ ಕಡೆಯಿಂದ ಹೊರಕ್ಕೆ ಒರೆಸಿ. ಒಂದೊಂದು ಕಣ್ಣಿಗೆ ಬೇರೆ ಹತ್ತಿ. ನಮಗೆಂದು ತಂದಿಟ್ಟ ಕಣ್ಣಿನ ಹನಿಗಳಲ್ಲಿ ಸ್ಟೀರಾಯ್ಡ್ ಇರಬಹುದು. ಹರ್ಪಿಸ್‌ನಿಂದ ಕಣ್ಣಿನಲ್ಲಿ ಹುಣ್ಣಾಗಿರುವಾಗ ಅದನ್ನು ಹಾಕಿದರೆ ಕಣ್ಣು ಹೋಗುತ್ತದೆ. ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದರೆ ನುಂಗಿಸಿದ ಕೂಡಲೇ ಪಿಚಕಾರಿಯಲ್ಲಿ ಐದಾರು ಮಿಲಿ ನೀರು ಕುಡಿಸಿ ಅಥವಾ ಊಟ ಕೊಡಿ. ಒಣ ಮಾತ್ರೆ ಅನ್ನನಾಳದಲ್ಲೇ ಅಂಟಿ ಕೂತು ಸುಟ್ಟು, ಆಮೇಲೆ ನಾಳ ಕಿರಿದಾಗುತ್ತದೆ.

ಹರ್ಪಿಸ್ ಒಮ್ಮೆ ಬಂದರೆ ಮೈಯೊಳಗೇ ಅವಿತಿರುತ್ತದೆ. ಮನೆ ಬದಲಿಸಿದಾಗ, ಹೊಸ ಬೆಕ್ಕು ಬಂದಾಗ ಮತ್ತೆ ಸೀನು ಕಾಣಬಹುದು.

9. ಮೈಮೇಲಿನವು, ಹೊಟ್ಟೆಯೊಳಗಿನವು

ಚಿಗಟ ಇದೆಯೇ ಎಂದು ತಿಳಿಯಲು ಬಾಚಣಿಗೆಯಲ್ಲಿ ಬಂದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಸುತ್ತ ಕೆಂಪಾಗಿ ಹರಡಿದರೆ ಅದು ಚಿಗಟದ ಹಿಕ್ಕೆ, ನಿಮ್ಮ ಬೆಕ್ಕಿನ ರಕ್ತವೇ. ಚಿಕ್ಕ ಮರಿಯ ರಕ್ತವನ್ನೆಲ್ಲ ಹೀರಿ ಬಿಳಚಿಸಿ ಕೊಲ್ಲುವಷ್ಟು ಚಿಗಟ ಇರಬಹುದು. ತೀರಾ ಎಳೆಯ ಮರಿಗೆ ಹೇನಿನ ಬಾಚಣಿಗೆಯೇ ಸುರಕ್ಷಿತ. ಬಾಚಿ ಬಾಚಿ ಸೋಪಿನ ನೀರಿಗೆ ಅದ್ದಿ. ದೊಡ್ಡದಕ್ಕೆ ವೈದ್ಯರು ಹೇಳಿದ ಬೆಕ್ಕಿನ ಔಷಧಿ ಮಾತ್ರ. ನಾಯಿಗೆ ಹಾಕುವ ಕೆಲವು ಚಿಗಟದ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಒಂದು ಹನಿ ಬೆಕ್ಕಿನ ಬೆನ್ನಿಗೆ ಬಿದ್ದರೂ ನಡುಕ, ಫಿಟ್ಸ್ ಬರಬಹುದು. ಬೇವಿನೆಣ್ಣೆ ಸವರುವುದೂ ಬೇಡ, ನೆಕ್ಕಿಕೊಂಡು ನಂಜಾದ ಬೆಕ್ಕುಗಳಿವೆ.

ಬಾಲದ ಕೆಳಗೆ ಅಕ್ಕಿಕಾಳು, ಸೌತೆಬೀಜದಂಥದು ಅಂಟಿದ್ದರೆ ಲಾಡಿಹುಳ. ಚಿಗಟ ನುಂಗಿದ್ದರಿಂದ ಬಂದದ್ದು, ಹಾಗಾಗಿ ಚಿಗಟ ಹೋಗದೆ ಅದೂ ಹೋಗದು. ಮೈಯೆಲ್ಲ ಬಡಕಲು, ಹೊಟ್ಟೆ ಮಾತ್ರ ಡೋಲಿನಂತಿದ್ದರೆ ದುಂಡುಹುಳ. ತಾಯಿಯ ಹಾಲಿನಿಂದಲೇ ಮರಿಗೆ ಬರುತ್ತದೆ. ಜಂತಿನ ಔಷಧಿಯನ್ನು ತೂಕ ನೋಡಿಯೇ ಕೊಡಬೇಕು, ಮರಿಗಳಿಗೆ ಎರಡು ವಾರಕ್ಕೊಮ್ಮೆ ಕೆಲವು ಸಲ ಕೊಡಬೇಕಾಗುತ್ತದೆ.

ಕಿವಿಯೊಳಗೆ ಫಿಲ್ಟರ್‌ನಲ್ಲಿ ಉಳಿದ ಕಾಫಿ ಗಸಿಯಂಥದು ಕಂಡರೆ ಕಿವಿನುಸಿ. ಕಿವಿಯಂಚು, ಮುಖದ ಮೇಲೆ ಬೂದು ಹೊಪ್ಪಳೆ ಕಟ್ಟಿ ಕೆರೆಯುತ್ತಿದ್ದರೆ ಕಜ್ಜಿ. ಎರಡಕ್ಕೂ ಒಳ್ಳೆಯ ಔಷಧಿಯಿದೆ, ವಾಸಿಯಾಗುವುದನ್ನು ನೋಡುವುದೇ ಒಂದು ಸಂತೋಷ. ಮನೆಯಲ್ಲಿ ಐವರ್‌ಮೆಕ್ಟಿನ್ ಅಂದಾಜಿನ ಮೇಲೆ ಕೊಡಬೇಡಿ, ಮರಿಗಳಿಗೆ ಜಾಸ್ತಿಯಾದರೆ ಪ್ರಜ್ಞೆ ತಪ್ಪುತ್ತದೆ.

ದುಂಡಗೆ ಕೂದಲುದುರಿದ ಜಾಗ ಹುಳುಕಡ್ಡಿ. ಹೆಸರಿನಲ್ಲಿ ಹುಳವಿದ್ದರೂ ಅದು ಶಿಲೀಂಧ್ರ, ನಿಮಗೂ ಬರುತ್ತದೆ. ತೋಳಿನ ಮೇಲೆ ಕೆಂಪು ಉಂಗುರ ಎದ್ದರೆ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಸವರಬೇಡಿ. ಎರಡು ದಿನ ತಗ್ಗಿದಂತೆ ಕಂಡು ಆಮೇಲೆ ಹರಡುತ್ತದೆ. ಚರ್ಮದ ವೈದ್ಯರಿಗೆ ಮನೆಯಲ್ಲಿ ಬೆಕ್ಕಿದೆ ಎಂದು ಹೇಳಿ. ಬೆಕ್ಕಿನ ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ, ಕೂದಲು ಬಂತೆಂದು ಮಧ್ಯೆ ನಿಲ್ಲಿಸಬಾರದು.

ಹುಳ ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಟರ್ಪೆಂಟೈನ್ ಸುರಿಯುವುದು ಹಳ್ಳಿಗಳಲ್ಲಿ ಈಗಲೂ ಇದೆ. ದನಕ್ಕೆ ಮಾಡಿದ್ದನ್ನು ಬೆಕ್ಕಿಗೆ ಮಾಡಬೇಡಿ, ಚರ್ಮ ಸುಟ್ಟು ಒಳಗೂ ನಂಜೇರುತ್ತದೆ.

10. ಮನೆಯ ಮಾತ್ರೆ ಡಬ್ಬಿ

ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಜ್ವರಕ್ಕೆ ನಾವು ನುಂಗುವ ಮಾತ್ರೆಯ ಒಂದು ಚೂರು ಸಾಕು. ವಸಡು ಕಂದಾಗುತ್ತದೆ, ಮುಖ ಮತ್ತು ಪಂಜ ಊದುತ್ತವೆ, ಉಸಿರಾಡಿದರೂ ರಕ್ತ ಆಮ್ಲಜನಕ ಒಯ್ಯುವುದಿಲ್ಲ. ಮಗುವಿನ ಸಿರಪ್ಪೂ ಅದೇ ಔಷಧ. ಯಾರಾದರೂ ಗೊತ್ತಿಲ್ಲದೆ ಕೊಟ್ಟಿದ್ದರೆ ಬಯ್ಯುತ್ತಾ ನಿಲ್ಲಬೇಡಿ, ಎಷ್ಟು ಕೊಟ್ಟರು, ಯಾವಾಗ ಎಂದು ಕೇಳಿಕೊಂಡು ವೈದ್ಯರ ಬಳಿ ಓಡಿ. ಬೇಗ ಹೋದರೆ ಪ್ರತ್ಯೌಷಧ ಇದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ.

11. ಮನೆಯಲ್ಲಿ ಬಸುರಿ ಇದ್ದರೆ

ಬೆಕ್ಕನ್ನು ಬಿಟ್ಟುಬರಲು ಹಿರಿಯರು ಹೇಳುವುದು ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿಯ ಭಯದಿಂದ. ಭಯಕ್ಕೆ ಕಾರಣವಿದೆ, ಬಸುರಿದ್ದಾಗ ತಾಯಿಗೆ ಮೊದಲ ಬಾರಿ ಸೋಂಕಾದರೆ ಮಗುವಿಗೆ ತೊಂದರೆ. ಆದರೆ ಬೆಕ್ಕು ಇದರ ಮೊಟ್ಟೆಗಳನ್ನು ಮಲದಲ್ಲಿ ಹೊರಹಾಕುವುದು ಸಾಮಾನ್ಯವಾಗಿ ಮೊದಲ ಸೋಂಕಿನ ಬಳಿಕ ಒಂದರಿಂದ ಮೂರು ವಾರ. ಆ ಮಲ ಅಪಾಯಕಾರಿಯಾಗಲು ಒಂದರಿಂದ ಐದು ದಿನ ಬೇಕು. ಹಾಗಾಗಿ ಮರಳಿನ ತಟ್ಟೆಯನ್ನು ದಿನವೂ ಬೇರೆ ಯಾರಾದರೂ ಶುಚಿಮಾಡಿದರೆ ಆ ದಾರಿ ಬಹುಮಟ್ಟಿಗೆ ಮುಚ್ಚಿದಂತೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ತೋಟದ ಮಣ್ಣು, ಇವುಗಳಿಂದಲೂ ಅದು ಬರುತ್ತದೆ. ಹೆರಿಗೆ ವೈದ್ಯರೊಂದಿಗೆ ಮಾತಾಡಿ. ಬೆಕ್ಕಿಗೆ ಹಸಿ ಮಾಂಸ ಕೊಡಬೇಡಿ.

12. ರಕ್ತಪರೀಕ್ಷೆ: ಎಫ್ಐವಿ, ಎಫ್ಇಎಲ್‌ವಿ

ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಈ ಎರಡು ವೈರಸ್‌ಗಳ ಪರೀಕ್ಷೆ ಕೇಳಿ. ಎಫ್ಐವಿ ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಸ್, ಎಫ್ಇಎಲ್‌ವಿ ಬೆಕ್ಕಿನ ರಕ್ತಕ್ಯಾನ್ಸರ್ ವೈರಸ್. ಕೆಲವು ಹನಿ ರಕ್ತದಲ್ಲಿ ನಿಮಿಷಗಳಲ್ಲಿ ಆಗುತ್ತದೆ. ಎಫ್ಐವಿ ಮುಖ್ಯವಾಗಿ ಆಳವಾಗಿ ಕಚ್ಚಿದಾಗ ಹರಡುತ್ತದೆ, ಜಗಳಗಂಟ ಗಂಡುಬೆಕ್ಕುಗಳಲ್ಲಿ ಹೆಚ್ಚು. ಎಫ್ಇಎಲ್‌ವಿ ಜೊಲ್ಲಿನಿಂದ, ಒಂದೇ ಬಟ್ಟಲಿನಿಂದ, ಒಬ್ಬರನ್ನೊಬ್ಬರು ನೆಕ್ಕುವುದರಿಂದಲೂ ಹರಡುತ್ತದೆ. ಎರಡೂ ಮನುಷ್ಯರಿಗೆ ಬರುವುದಿಲ್ಲ.

ಒಂದು ಸಲ ಪಾಸಿಟಿವ್ ಬಂತೆಂದು ಬೆಕ್ಕನ್ನು ಕೈಬಿಡಬೇಡಿ. ಆರು ತಿಂಗಳೊಳಗಿನ ಮರಿಯಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳೇ ಎಫ್ಐವಿ ಪಾಸಿಟಿವ್ ತೋರಿಸಬಹುದು, ಆಮೇಲೆ ಮತ್ತೆ ಪರೀಕ್ಷಿಸಬೇಕು. ಹಾಗೆಯೇ ಹೊಸ ಸೋಂಕು ಮೊದಲ ಪರೀಕ್ಷೆಗೆ ಸಿಗದಿರಬಹುದು, ಎರಡು ತಿಂಗಳ ಬಳಿಕ ಇನ್ನೊಮ್ಮೆ ಮಾಡಿಸುವುದು ಒಳ್ಳೆಯದು. ಎಫ್ಐವಿ ಇರುವ ಬೆಕ್ಕು ಮನೆಯೊಳಗೆ, ಜಗಳವಿಲ್ಲದೆ ಹಲವು ವರ್ಷ ಚೆನ್ನಾಗಿ ಬದುಕುತ್ತದೆ.

ಇದರ ಜೊತೆ ಎಫ್ಐಪಿ ಎಂಬ ಇನ್ನೊಂದು ವೈರಸ್ ರೋಗದ ಹೆಸರು ಕಿವಿಗೆ ಬೀಳಬಹುದು. ಎಳೆಯ ಬೆಕ್ಕಿಗೆ ಬಿಡದ ಜ್ವರ, ನೀರು ತುಂಬಿ ಉಬ್ಬಿದ ಹೊಟ್ಟೆ ಅದರ ಒಂದು ಬಗೆ. ಕೆಲ ವರ್ಷಗಳ ಹಿಂದೆ ಇದು ಸಾವಿನ ಚೀಟಿಯಾಗಿತ್ತು. ಈಗ ಜಿಎಸ್-441524, ರೆಮ್ಡೆಸಿವಿರ್‌ನಂಥ ಔಷಧಿಗಳಿಂದ ಬೆಕ್ಕುಗಳು ಗುಣವಾಗುತ್ತಿವೆ. ವೈದ್ಯರು ಈ ಹೆಸರು ಹೇಳಿದರೆ ಚಿಕಿತ್ಸೆಯ ಬಗ್ಗೆ ಕೇಳದೆ ಎದ್ದು ಬರಬೇಡಿ.

13. ಲಸಿಕೆ, ಶಸ್ತ್ರಚಿಕಿತ್ಸೆ, ಬಾಗಿಲು ತೆರೆಯುವ ದಿನ

ಪ್ಯಾನ್‌ಲ್ಯೂಕೋಪೀನಿಯ, ಹರ್ಪಿಸ್, ಕ್ಯಾಲಿಸಿ ಮೂರಕ್ಕೂ ಸೇರಿ ಒಂದು ಲಸಿಕೆ ಇದೆ, ಟ್ರೈಕ್ಯಾಟ್ ಎಂದು ಕೇಳಿದರೆ ತಿಳಿಯುತ್ತದೆ. 6ರಿಂದ 8 ವಾರಕ್ಕೆ ಶುರುಮಾಡಿ 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ತಾಯಿಯಿಂದ ಬಂದ ರಕ್ಷಣೆ ಮರಿಯಲ್ಲಿರುವಾಗ ಲಸಿಕೆ ಹಿಡಿಯದೆ ಹೋಗಬಹುದು, ಅದಕ್ಕೇ ಆ ಕೊನೆಯ ಡೋಸ್ ತಪ್ಪಿಸಬಾರದು. ರೇಬೀಸ್ ಲಸಿಕೆ 12 ವಾರದ ಮೇಲೆ. ಮನೆಯ ಹಳೇ ಬೆಕ್ಕಿನ ಲಸಿಕೆ ಬಾಕಿಯಿದ್ದರೆ ಹೊಸದನ್ನು ತಂದ ವಾರವೇ ಹಾಕಿಸಿ.

ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬಸುರಾಗಬಲ್ಲದು, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ವೈದ್ಯರು ತೂಕ ನೋಡಿ ಒಪ್ಪಿದರೆ ಮೊದಲ ಬೆದೆಗೆ ಬರುವ ಮುನ್ನವೇ ಶಸ್ತ್ರಚಿಕಿತ್ಸೆ ಮಾಡಿಸಿ. ಹೊಲಿಗೆ ನೆಕ್ಕದಂತೆ ಹತ್ತು ದಿನ ಕುತ್ತಿಗೆಪಟ್ಟಿ ತೆಗೆಯಬೇಡಿ, ಅದು ಎಷ್ಟೇ ಗೋಳಾಡಿದರೂ.

14 ದಿನ ಕಳೆದು, ಸೀನು ಭೇದಿ ಇಲ್ಲದೆ, ಪರೀಕ್ಷೆ ಸರಿಯಿದ್ದು, ಚಿಗಟ ಹುಳುಕಡ್ಡಿ ಹೋಗಿದ್ದರೆ ಬಾಗಿಲು ತೆರೆಯುವ ತಯಾರಿ ಶುರು. ಮೊದಲು ಇಬ್ಬರ ಹಾಸು ಬಟ್ಟೆಯನ್ನು ಅದಲುಬದಲು ಮಾಡಿ, ವಾಸನೆ ಪರಿಚಯವಾಗಲಿ. ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ ಇಡಿ. ಬುಸುಗುಡುವುದು ನಿಂತ ಮೇಲೆ ಜಾಲರಿ ಬಾಗಿಲಿನಿಂದ ಮುಖ ನೋಡಲಿ. ಕೆಲವಕ್ಕೆ ಮೂರು ದಿನ ಸಾಕು, ನಮ್ಮ ಮನೆಯ ಹಿರಿಯ ಕೊತ್ತಿಗೆ ಐದು ವಾರ ಬೇಕಾಯಿತು. ಈ ದಿನಗಳಲ್ಲೂ ಹೊಸಬನನ್ನು ದಿನಾ ಒಂದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಕ ಬರೆದಿಡಿ. ಮರಿ ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಬೇಕು. ಒಂದು ದಿನ ಏರದಿದ್ದರೆ ಕಣ್ಣಿಟ್ಟಿರಿ, ಎರಡು ದಿನ ಇಳಿದರೆ ಬೇರೆ ಲಕ್ಷಣ ಕಾಣುವವರೆಗೆ ಕಾಯದೆ ಬುಟ್ಟಿ ಎತ್ತಿಕೊಂಡು ವೈದ್ಯರ ಬಳಿ ಹೊರಡಿ.